ತೊಂಬತ್ತೆರಡು ಡಿಗ್ರಿಯ ಸಾಕ್ಷಿ

"ತೊಂಬತ್ತು," ಎಂದರು ತೂಕದ ಸಾಹೇಬರು.

ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದ್ದವು. ದಾರ ಕಟ್ಟಿ ಇಳಿಬಿಟ್ಟ ಹಿತ್ತಾಳೆಯ ಸ್ವಿಚ್ಚು ಬಿಸಿನೀರಿನಲ್ಲಿ ಮೂಗಿನವರೆಗೆ ಮುಳುಗಿ ನೇತಾಡುತ್ತಿತ್ತು. ಅದರ ತಲೆಯ ಮೇಲಿನ ಎರಡು ಕಡ್ಡಿಗಳಿಂದ ಹೊರಟ ವೈರು ಒಂದು ಬ್ಯಾಟರಿಯನ್ನು ಹಾದು ಪುಟ್ಟ ಬಲ್ಬೊಂದನ್ನು ಸೇರಿತ್ತು. ಗ್ಯಾರೇಜಿನಲ್ಲಿದ್ದ ಮೂವರ ಕಣ್ಣೂ ಆ ಬಲ್ಬಿನ ಮೇಲೆ.

"ತೊಂಬತ್ತೊಂದು. ತೊಂಬತ್ತೆರಡು."

ಬಲ್ಬು ಹೊತ್ತಲಿಲ್ಲ.

"ಅದಕ್ಕೂ ನಿದ್ದೆ," ಎಂದರು ಅಕ್ಕ. "ಈ ಮನೇಲಿ ಎಲ್ಲಾ ಒಂದೇ ಥರ. ಎಬ್ಬಿಸಿದ ಮೇಲೇ ಏಳೋದು."

"ಸ್ವಲ್ಪ ತಡಿ ಅಕ್ಕ. ತೊಂಬತ್ತೈದು. ತೊಂಬತ್ತೆಂಟು."

ನೀರು ಕೊತಕೊತನೆ ಕುದಿಯಿತು. ಹಬೆ ಸಾಹೇಬರ ಕನ್ನಡಕವನ್ನು ಮುಚ್ಚಿತು. ಬಲ್ಬು ಮಾತ್ರ ತಣ್ಣಗೆ ಕೂತಿತ್ತು.

ರೇಡಿಯೇಟರಿನ ಮೈಗೆ ತಿರುಪಿ ಕೂರಿಸುವ ಈ ಹೆಬ್ಬೆರಳು ಗಾತ್ರದ ವಸ್ತುವಿಗೆ ಇರುವುದು ಒಂದೇ ಕರ್ತವ್ಯ. ನೀರು ತೊಂಬತ್ತೆರಡು ಡಿಗ್ರಿಗೆ ಬಂದರೆ ಫ್ಯಾನನ್ನು ಎಬ್ಬಿಸಬೇಕು, ಎಂಬತ್ತೇಳಕ್ಕೆ ಇಳಿದರೆ ಮಲಗಿಸಬೇಕು. ಅಷ್ಟನ್ನೂ ಮಾಡದ ಕಾರಣಕ್ಕೆ ಹತ್ತು ದಿನದಲ್ಲಿ ಮೂರು ಸಲ ಆಸ್ಪತ್ರೆ ಗುಡ್ಡದ ಏರಿನಲ್ಲಿ ಹಬೆ ಉಗುಳಿ ನಿಂತ ಹಳೆಯ ಕಾರು ಅಂಗಳದಲ್ಲಿ ಬಾನೆಟ್ ತೆರೆದುಕೊಂಡು ಕಾಯುತ್ತಿತ್ತು. ಡ್ರೈವರಮ್ಮನ ಆ ಕಾರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅದರ ಕೆಳಗಿನ ಬೋಗುಣಿಗೆ ಹಸಿರು ನೀರು ತೊಟ್ಟಿಕ್ಕುತ್ತಿತ್ತು.

ಸಾಹೇಬರು ಒಲೆ ಆರಿಸಿ, ಸ್ವಿಚ್ಚನ್ನು ಚಿಂದಿಬಟ್ಟೆಯಲ್ಲಿ ಹಿಡಿದು, ಅದರ ಆರು ಮೂಲೆಯ ತಲೆಗೆ ಹಲ್ಲುಜ್ಜುವ ಹಳೇ ಬ್ರಷ್ಷು ಹಾಕಿ ಉಜ್ಜಿದರು. ಮೂವತ್ತೈದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾವು ಪರೀಕ್ಷಿಸಿದ ಸರ್ಕಾರಿ ಮನುಷ್ಯ ಅವರು. ನಿವೃತ್ತರಾದ ಮೇಲೂ ಭೂತಗನ್ನಡಿ ಜೇಬು ಬಿಟ್ಟಿರಲಿಲ್ಲ. ಮೇಲಿರುವವನು ತೂಗುವುದನ್ನು ನಿಲ್ಲಿಸದಿರುವಾಗ ನಾನೇಕೆ ನಿಲ್ಲಿಸಲಿ ಎಂಬುದು ಅವರ ಲೆಕ್ಕ.

ಕೊಳೆ ಬಿಟ್ಟಿತು. ಅಂಕಿ ಮೂಡಿತು.

"ನೂರೈದು, ನೂರು," ಎಂದು ಓದಿದರು. "ಇದು ತೊಂಬತ್ತೆರಡರದ್ದು ಅಲ್ಲವೇ ಅಲ್ಲ ಭಾವ. ನೂರೈದಕ್ಕೆ ಏಳೋ ಪೈಕಿ. ದೊಡ್ಡಮ್ಮ ಕುದ್ದು ಉಕ್ಕಿದ ಮೇಲೆ ಇದು ಕಣ್ಣು ಬಿಡುತ್ತೆ."

ಭಾವ ಬೆಂಚಿನ ಹತ್ತಿರ ಬಂದರು. ನಲವತ್ತು ವರ್ಷ ಈ ಗ್ಯಾರೇಜು ನಡೆಸಿದ ಮೇಸ್ತ್ರಿ, ಅಕ್ಕನ ಗಂಡ, ಊರಿನ ಹಳೆಯ ಕಾರುಗಳಿಗೆಲ್ಲ ಕೊನೆಯ ವೈದ್ಯರು. ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಬೆಂಚಿನ ಮೇಲಿದ್ದ ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿದರು. ದೊಡ್ಡಮ್ಮನ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕ ಡಬ್ಬಿ. ಮೇಲೆ 92–87 ಎಂದು ಅಚ್ಚಾಗಿತ್ತು. ಮೂಲೆಯಲ್ಲಿ ಪೇಟೆಯ ಬಿಡಿಭಾಗಗಳ ಅಂಗಡಿಯ ಸೀಲು.

"ಮೂರು ವಾರದ ಕೆಳಗೆ ನಾನು ಹಾಕಿದ್ದು ತೊಂಬತ್ತೆರಡರದ್ದೇ," ಎಂದರು ನಿಧಾನವಾಗಿ. "ತೋಳಿಗೆ ಉಜ್ಜಿ, ಗಟ್ಟಿಯಾಗಿ ಓದಿ ಹಾಕಿದ್ದು. ಅದು ಚೆನ್ನಾಗಿ ನೆನಪಿದೆ. ಆದ್ರೆ ಆಮೇಲೆ..."

"ಆಮೇಲೆ?"

"ಬೆಳಿಗ್ಗೆ ಡ್ರೈವರಮ್ಮ ಹೇಳಿದ್ದು ಕೇಳಲಿಲ್ವಾ ಸಾಹೇಬ್ರೇ? ನಾನೇ ಗುಡ್ಡದ ಮೇಲಿನ ಸ್ಟ್ಯಾಂಡಿಗೆ ಹೋಗಿ ಅದನ್ನ ಬಿಚ್ಚಿ ಇನ್ನೊಂದು ಹಾಕಿ ಬಂದೆನಂತೆ. ಅವರು ಸುಳ್ಳು ಹೇಳೋರಲ್ಲ. ಹೋಗಿರಬೇಕು."

"ನಿಮಗೆ ನೆನಪಿಲ್ವಾ?"

"ಒಂದು ಚೂರೂ ಇಲ್ಲ."

ಅಕ್ಕ ಬಾಗಿಲ ಕಡೆ ಮುಖ ತಿರುಗಿಸಿಕೊಂಡರು.

"ನೀಲಿ ಕೋಟೂ ಹಾಗೇ," ಎಂದರು ಆಮೇಲೆ. "ಮೊಣಕೈಗೆ ನನ್ನ ದಿಂಬಿನ ಚೀಲದ ಹೂವಿನ ತೇಪೆ ಹಾಕಿ ಕೊಟ್ಟಿದ್ನಲ್ಲ, ಹಳದಿ ಹೂವು. ಎರಡು ವಾರ ಆಯ್ತು, ಕಾಣ್ತಿಲ್ಲ. ಎಲ್ಲಿಟ್ರಿ ಅಂದ್ರೆ ಗೊತ್ತಿಲ್ಲ ಅಂತಾರೆ."

"ಆ ಹೂವಿಗೆ ನಾಚಿಕೊಂಡು ಭಾವನೇ ಎಲ್ಲೋ ಬಚ್ಚಿಟ್ಟಿರಬೇಕು."

"ಹಾಗಾಗಿದ್ರೆ ನೂರು ಜನಕ್ಕೆ ಸಿಹಿ ಹಂಚ್ತಿದ್ದೆ ತಮ್ಮಾ," ಎಂದು ಅಕ್ಕ ನಗಲು ಹೋದರು. ನಗು ಪೂರ್ತಿ ಬರಲಿಲ್ಲ.

ಭಾವ ಎದ್ದು ಕೈ ಒರೆಸಿಕೊಂಡರು. "ಪಕ್ಕದ ಗುಜರಿ ಅಂಗಡಿಯವರು ಐದು ಗಂಟೆಗೆ ಬರ್ತಾರೆ. ಬೀಗದ ಕೈ ಕೊಟ್ಟುಬಿಡ್ತೀನಿ. ಪಾಪ, ಅವರು ಎರಡು ವರ್ಷದಿಂದ ಜಾಗ ಕೇಳ್ತಾನೇ ಇದ್ದಾರೆ."

"ಒಂದು ಸ್ವಿಚ್ಚಿಗೆ ಗ್ಯಾರೇಜೇ ಮುಚ್ಚೋದಾ?"

"ಇವತ್ತು ಸ್ವಿಚ್ಚು ಮರೆತೆ. ನಾಳೆ ಯಾರದೋ ಬ್ರೇಕಿನ ನಟ್ಟು ಬಿಗಿಯೋದು ಮರೆತ್ರೆ? ಡ್ರೈವರಮ್ಮ ಕೂರಿಸಿಕೊಂಡು ಹೋಗೋದು ಕಾಯಿಲೆಯವರನ್ನ. ಕೈ ತಪ್ಪು ಮಾಡಿದ್ರೆ ತಿದ್ದಬಹುದು ಸಾಹೇಬ್ರೇ. ತಲೆ ತಪ್ಪು ಮಾಡಿದ್ರೆ ತಿದ್ದೋದು ಯಾವ ಸ್ಪ್ಯಾನರಿಂದ?"

ಗ್ಯಾರೇಜಿನ ಹಿಂದೆಯೇ ಮನೆ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ಹೊಸದಾಗಿ ತೊಳೆದ ಕೆಂಪು ದಾರದಲ್ಲಿ, ಬೀಗದ ಕೈ ನೇತಾಡುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಕೊಡುವ ವಸ್ತು ಕೊಳೆಯಾಗಿರಬಾರದೆಂದು ಭಾವನೇ ತೊಳೆದಿದ್ದರು.

ತೂಕದ ಸಾಹೇಬರು ಗಡಿಯಾರ ನೋಡಿದರು. ಹನ್ನೊಂದೂ ಕಾಲು.

"ಐದರವರೆಗೆ ಬೀಗದ ಕೈ ಅಲ್ಲೇ ಇರಲಿ," ಎಂದರು. "ದೊಡ್ಡಮ್ಮನಿಗೆ ಸರಿಯಾದ ಸ್ವಿಚ್ಚು ತರ್ತೀನಿ. ಅದರ ಜೊತೆ ಇನ್ನೇನಾದ್ರೂ ಸಿಕ್ರೆ ಅದನ್ನೂ ತರ್ತೀನಿ."

---

ಪೇಟೆಯ ಬಿಡಿಭಾಗಗಳ ಅಂಗಡಿಯವರಿಗೆ ಡಬ್ಬಿ ಅಣ್ಣ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಗಿತ್ತು. ನೆಲದಿಂದ ಸೂರಿನವರೆಗೆ ಡಬ್ಬಿ. ಡಬ್ಬಿಯೊಳಗೆ ಡಬ್ಬಿ. ಅವರ ಊಟದ ಡಬ್ಬಿ ಕೂಡ ಯಾವುದೋ ಬೇರಿಂಗಿನದ್ದು.

ಸಾಹೇಬರು ಖಾಲಿ ಡಬ್ಬಿಯನ್ನೂ ಅದರ ಪಕ್ಕದಲ್ಲಿ ಸ್ವಿಚ್ಚನ್ನೂ ಕೌಂಟರಿನ ಮೇಲೆ ಇಟ್ಟರು.

"ಡಬ್ಬಿ ಹೇಳೋದು ತೊಂಬತ್ತೆರಡು. ವಸ್ತು ಹೇಳೋದು ನೂರೈದು. ಇಬ್ಬರಲ್ಲಿ ಯಾರನ್ನ ನಂಬಲಿ?"

ಡಬ್ಬಿ ಅಣ್ಣನ ಮೀಸೆ ಅಲುಗಿತು. "ಸಾಹೇಬ್ರೇ, ನೀವು ಇನ್ನೂ ಡ್ಯೂಟಿ ಮೇಲಿದ್ದೀರಾ? ಆಗ ತಕ್ಕಡಿ ಹಿಡಿದು ನೀರಿಳಿಸಿದ್ರಿ. ಈಗ ಇದಾ?"

"ಆಗಲೂ ನಿಮ್ಮ ತಕ್ಕಡಿ ಸರಿಯಾಗೇ ಇತ್ತು."

"ಮತ್ತೆ? ನನ್ನ ಅಂಗಡೀಲಿ ಮೋಸ ಇಲ್ಲ. ನೋಡಿ ಬೇಕಾದ್ರೆ!" ಎಂದು ಸೆಟೆದು, ಗೋಡೆಗೆ ಒರಗಿಸಿದ್ದ ಹಲಗೆಯೊಂದನ್ನು ಎತ್ತಿ ಧಡ್ಡನೆ ಕೌಂಟರಿಗೆ ಹಾಕಿದರು. ಹಲಗೆಯ ಮೇಲೆ ಚಿಕ್ಕದರಿಂದ ದೊಡ್ಡದರವರೆಗೆ ಹದಿನಾರು ನಟ್ಟುಗಳನ್ನು ಸಾಲಾಗಿ ಬಡಿದು ಕೂರಿಸಿತ್ತು. "ಬಂದ ಪ್ರತಿ ಮಾಲನ್ನೂ ಇದರಲ್ಲಿ ತಿರುಪಿ ನೋಡ್ತೀನಿ. ಯಾವ ನಟ್ಟಿಗೆ ತಿರುಪಿನ ಥ್ರೆಡ್ಡು ಕೂರುತ್ತೋ ಆ ತಟ್ಟೆಗೆ ಹಾಕ್ತೀನಿ. ಕಣ್ಣು ಮುಚ್ಚಿ ಕೊಡ್ತೀನಿ, ಒಂದು ದಿನ ಒಂದು ಗಿರಾಕಿ ವಾಪಸ್ ಬಂದಿಲ್ಲ."

"ಅಂಕಿ ಓದೋದಿಲ್ವಾ?"

"ಥ್ರೆಡ್ಡು ಕೂತ ಮೇಲೆ ಅಂಕಿ ಯಾಕೆ?"

ಸಾಹೇಬರು ಒಂದು ಕ್ಷಣ ಕಣ್ಣು ಮುಚ್ಚಿದರು. ಅವರ ತುಟಿ ಅಲ್ಲಾಡಿದ್ದು ಪ್ರಾರ್ಥನೆಗೋ ನಗು ತಡೆಯಲಿಕ್ಕೋ ಹೇಳುವುದು ಕಷ್ಟ.

"ಡಬ್ಬಿ?"

"ಅದು..." ಡಬ್ಬಿ ಅಣ್ಣನ ದನಿ ಸ್ವಲ್ಪ ಇಳಿಯಿತು. "ಮುಚ್ಚಿಹೋದ ಅಂಗಡಿಯೊಂದರಿಂದ ಬಿಡಿ ಮಾಲು ತಂದಿದ್ದೆ. ಬರೀ ಹಾಗೇ ಕೈಗೆ ಕೊಟ್ರೆ ಗಿರಾಕಿ ಮುಖ ಸಣ್ಣಗಾಗುತ್ತೆ ಸಾಹೇಬ್ರೇ. ನಾನು ಹಳೇ ಡಬ್ಬಿ ಒಂದೂ ಎಸೆಯೋನಲ್ಲ. ಥ್ರೆಡ್ಡು ಒಂದೇ ಆಗಿರೋ ಡಬ್ಬೀಲಿ ಹಾಕಿ ಕೊಡ್ತೀನಿ. ಮರ್ಯಾದೆಗೆ."

"ಅಂದ್ರೆ ಯಾವುದೋ ಅಂಗಿ, ಯಾರದೋ ಮೈ."

"ಅಳತೆ ಸರಿ ಇದೆಯಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಡಬ್ಬಿ ಅಣ್ಣನೇ. ನಗು ನಿಂತ ಮೇಲೆ ಅವರ ಮುಖ ಬಾಡಿತು. "ಅಯ್ಯೋ ದೇವರೇ. ಹಾಗಾದ್ರೆ ಆ ಗಾಡಿ ಗುಡ್ಡದ ಮೇಲೆ ಕುದ್ದಿದ್ದು ನನ್ನಿಂದಾನಾ?"

"ಅದನ್ನೇ ಕೇಳೋಕೆ ಬಂದೆ. ಮೇಸ್ತ್ರಿ ಎಷ್ಟು ಸಲ ಬಂದ್ರು?"

"ಎರಡು ಸಲ."

ಸಾಹೇಬರು ಕೌಂಟರಿಗೆ ಕೈಯೂರಿದರು. ಒಂದೇ ಸಲ ಎಂಬ ಮಾತು ಕೇಳಲೆಂದೇ ಅವರು ಇಷ್ಟು ದೂರ ನಡೆದು ಬಂದಿದ್ದರು.

"ನೀವೇ ಕಣ್ಣಾರೆ ನೋಡಿದ್ರಾ?"

"ನೋಡದೆ? ಮೊದಲನೇ ಸಲ ಅರ್ಧ ಗಂಟೆ ಕೂತಿದ್ರು. ಇಡೀ ತಟ್ಟೆ ಕೆದಕಿ, ಒಂದೊಂದನ್ನೇ ತೋಳಿಗೆ ಉಜ್ಜಿ, ಗಟ್ಟಿಯಾಗಿ ಅಂಕಿ ಓದಿ ನನ್ನ ತಲೆ ತಿಂದ್ರು. ಎರಡನೇ ಸಲ ಪಾಪ, ಮನಸ್ಸು ಸರಿ ಇರಲಿಲ್ಲ ಅನ್ಸುತ್ತೆ. ಒಳಗೂ ಬರಲಿಲ್ಲ. ಬಿಸಿಲಿಗೆ ಬೆನ್ನು ಹಾಕಿ ಬಾಗಿಲಲ್ಲೇ ನಿಂತ್ರು. ಟೋಪಿ ಹುಬ್ಬಿನವರೆಗೆ. ಆ ಸ್ವಿಚ್ಚು ಅಂತ ಕೈಸನ್ನೆ ಮಾಡಿದ್ರು. ತಟ್ಟೆ ಮುಂದೆ ಹಿಡಿದೆ, ಒಂದು ತಗೊಂಡ್ರು, ಡಬ್ಬಿ ಬೇಕು ಅಂತ ಬೆರಳು ತೋರಿಸಿದ್ರು, ಹೋದ್ರು."

"ಮುಖ ಕಾಣಲಿಲ್ಲ. ಮಾತೂ ಇಲ್ಲ. ಮೇಸ್ತ್ರಿನೇ ಅಂತ ಹೇಗೆ ಗೊತ್ತಾಯ್ತು?"

"ಆ ಕೋಟು ಸಾಹೇಬ್ರೇ! ನೀಲಿ ಕೋಟಿಗೆ ಮೊಣಕೈಲಿ ಹಳದಿ ಹೂವು. ಭೂಮಿ ಮೇಲೆ ಅಂಥ ಕೋಟು ಇನ್ನೊಂದಿದ್ಯಾ?"

ಸಾಹೇಬರು ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಏನನ್ನೂ ನೋಡದೆ, ಮತ್ತೆ ಒಳಗಿಟ್ಟರು. ಗಹನವಾಗಿ ಯೋಚಿಸುವಾಗ ಅವರು ಮಾಡುವುದೇ ಹೀಗೆ.

"ಎರಡನೇ ಸಲ ತಗೊಂಡಾಗ ತೋಳಿಗೆ ಉಜ್ಜಿದ್ರಾ?"

"ಇಲ್ಲ."

"ಅಂಕಿ ಓದಿದ್ರಾ?"

"ಇಲ್ಲ... ಹೌದಲ್ವಾ. ಓದಲೇ ಇಲ್ಲ." ಡಬ್ಬಿ ಅಣ್ಣ ತಲೆ ಕೆರೆದುಕೊಂಡರು. "ಮೇಸ್ತ್ರಿ ಓದದೆ ಒಂದು ವಾಷರ್ ಕೂಡ ತಗೊಂಡೋರಲ್ಲ."

ಮನುಷ್ಯ ಹೆಸರು ಮರೆಯಬಹುದು, ದಾರಿ ಮರೆಯಬಹುದು. ನಲವತ್ತು ವರ್ಷ ಒಂದೇ ಕೆಲಸಕ್ಕೆ ಎದ್ದ ತೋಳು ಅದನ್ನು ಮರೆಯುತ್ತದೆಯೇ? ಸಾಹೇಬರು ಆ ಪ್ರಶ್ನೆಯನ್ನು ಮನಸ್ಸಿನ ತಕ್ಕಡಿಯ ಒಂದು ಕಡೆ ಇಟ್ಟರು. ಇನ್ನೊಂದು ಕಡೆ ಕೋಟು ಇತ್ತು. ಮುಳ್ಳು ಇನ್ನೂ ನಡುಗುತ್ತಲೇ ಇತ್ತು.

"ತಟ್ಟೆ ತನ್ನಿ," ಎಂದರು. "ಮೊದಲು ದೊಡ್ಡಮ್ಮನ ಕೆಲಸ."

ಹಳೇ ಪತ್ರಿಕೆಯ ಹಾಳೆಯ ಮೇಲೆ ಹನ್ನೆರಡು ಸ್ವಿಚ್ಚು ಸುರಿದವು. ಥ್ರೆಡ್ಡು ಎಲ್ಲದಕ್ಕೂ ಒಂದೇ, ಡಬ್ಬಿ ಅಣ್ಣನ ಹಲಗೆ ಸುಳ್ಳು ಹೇಳಿರಲಿಲ್ಲ. ತಲೆಯ ಮೇಲೆ ಮೂರು ಕಡ್ಡಿ ಇದ್ದ ನಾಲ್ಕನ್ನು ಸಾಹೇಬರು ಪಕ್ಕಕ್ಕೆ ಸರಿಸಿದರು. ಅವು ಎರಡು ವೇಗದ ಫ್ಯಾನಿರುವ ಗಾಡಿಗಳದ್ದು. ದೊಡ್ಡಮ್ಮನಿಗೆ ಒಂದೇ ವೇಗ, ಎರಡೇ ವೈರು. ಉಳಿದ ಎಂಟನ್ನು ಬ್ರಷ್ಷಿನಿಂದ ಉಜ್ಜಿ ಓದಿದರು. ಐದು ನೂರೈದರವು. ಇನ್ನು ಮೂರು ಉಳಿದವು: 95–90, 92–87, 88–79.

ಡಬ್ಬಿ ಅಣ್ಣ ಎಂಬತ್ತೆಂಟರದ್ದನ್ನು ಮುಂದಕ್ಕೆ ತಳ್ಳಿದರು. "ಇದು ತಗೊಳ್ಳಿ. ಕುದಿಯೋ ಗಾಡಿಗೆ ಫ್ಯಾನು ಎಷ್ಟು ಬೇಗ ತಿರುಗಿದ್ರೆ ಅಷ್ಟು ಒಳ್ಳೇದಲ್ವಾ?"

ಸಾಹೇಬರಿಗೂ ಹಾಗೇ ಅನಿಸಿತು. ಆದರೂ ಮೊಬೈಲು ತೆಗೆದು ಭಾವನಿಗೆ ಫೋನು ಮಾಡಿದರು.

"ಬೇಡ ಬೇಡ!" ಭಾವನ ದನಿಗೆ ಒಮ್ಮೆಲೇ ಹತ್ತು ವರ್ಷ ಕಡಿಮೆಯಾಗಿತ್ತು. "ಎರಡನೇ ಅಂಕಿ ನೋಡಿ ಸಾಹೇಬ್ರೇ. ಅದು ಮಲಗೋದು ಎಪ್ಪತ್ತೊಂಬತ್ತಕ್ಕೆ. ದೊಡ್ಡಮ್ಮನ ಎಂಜಿನ್ ಒಳಗೆ ಥರ್ಮೋಸ್ಟಾಟ್ ಅಂತ ಒಂದು ಬಾಗಿಲಿದೆ. ಅದು ತೆಗೆಯೋದೇ ಎಂಬತ್ತೆರಡಕ್ಕೆ. ಸ್ವಿಚ್ಚು ಇರೋದು ಆ ಬಿಸಿನೀರು ರೇಡಿಯೇಟರಿಗೆ ಬಂದು ಬೀಳೋ ಜಾಗದಲ್ಲಿ. ಬರೋ ನೀರೇ ಎಂಬತ್ತೆರಡಾದ್ರೆ ಎಪ್ಪತ್ತೊಂಬತ್ತು ಎಲ್ಲಿಂದ ಬರುತ್ತೆ? ಎದ್ದ ಫ್ಯಾನು ಮಲಗೋದೇ ಇಲ್ಲ. ಸುತ್ತಿ ಸುತ್ತಿ ಬ್ಯಾಟರಿ ಸಾಯುತ್ತೆ."

"ತೊಂಬತ್ತೈದು?"

"ಬಯಲಿಗೆ ಆಗುತ್ತೆ. ಗುಡ್ಡಕ್ಕೆ, ಹಿಂದಿನ ಸೀಟಿನಲ್ಲಿ ಕಾಯಿಲೆಯವರು ಕೂತಿರೋವಾಗ, ಬೇಡ. ಆ ರೇಡಿಯೇಟರಿಗೆ ವಯಸ್ಸಾಗಿದೆ. ತೊಂಬತ್ತೆರಡು, ಎಂಬತ್ತೇಳು. ಜೊತೆಗೆ ಹೊಸ ತಾಮ್ರದ ವಾಷರ್. ಹಳೇದು ಮತ್ತೆ ಹಾಕಿದ್ರೆ ಜಿನುಗುತ್ತೆ."

"ಥರ್ಮೋಸ್ಟಾಟ್ ಎಂಬತ್ತೆರಡೇ ಅಂತ ಖಾತ್ರಿನಾ ಭಾವ?"

"ನಾನೇ ಹಾಕಿದ್ದಲ್ವಾ, ಆರು ವರ್ಷದ ಕೆಳಗೆ. ಅದರ ಮುಚ್ಚಳಕ್ಕೆ ಮೂರು ಬೋಲ್ಟು. ಎಡಗಡೇದು ಮಾತ್ರ ಒಂದು ಬೆರಳು ಉದ್ದ. ಅವತ್ತು ಅದು ಉರುಳಿಹೋಗಿ ನಿಮ್ಮ ಅಕ್ಕ ಪೊರಕೆಯಿಂದ ಹುಡುಕಿಕೊಟ್ಟಿದ್ದು."

ಸಾಹೇಬರು ಫೋನು ಜೇಬಿಗಿಟ್ಟರು. ಆರು ವರ್ಷದ ಹಿಂದಿನ ಬೋಲ್ಟು ಎಷ್ಟು ಉದ್ದವಿತ್ತೆಂದು ಹೇಳುವ ಮನುಷ್ಯ ಹತ್ತು ದಿನದ ಹಿಂದೆ ಗುಡ್ಡ ಹತ್ತಿ ಇಳಿದದ್ದನ್ನು ಮರೆಯುವುದೇ?

ಮುಳ್ಳು ಸ್ವಲ್ಪ ವಾಲಿತು.

ಡಬ್ಬಿ ಅಣ್ಣನ ಚಹಾದ ಕೆಟಲಿನಲ್ಲೇ ಪರೀಕ್ಷೆಯಾಯಿತು. ತೊಂಬತ್ತೆರಡಕ್ಕೆ ಬಲ್ಬು ಪಕ್ಕನೆ ಹೊತ್ತಿತು. ಆರುತ್ತ ಬಂದ ನೀರು ಎಂಬತ್ತೇಳಕ್ಕೆ ಇಳಿದದ್ದೇ ಪಕ್ಕನೆ ನಂದಿತು. ಡಬ್ಬಿ ಅಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಸಾಹೇಬರು ಹಳೆಯ ಅಭ್ಯಾಸದಂತೆ ಮೊನೆಯುಳಿಯಿಂದ ಸ್ವಿಚ್ಚಿನ ತಲೆಗೆ ಒಂದು ಚುಕ್ಕೆ ಹೊಡೆದರು. ಪರೀಕ್ಷೆಯಾಗಿದೆ ಎಂಬ ಗುರುತು. ಯಾರಾದರೂ ಮತ್ತೆ ಬದಲಿಸಿದರೆ ತಿಳಿಯುವ ಗುರುತೂ ಹೌದು.

"ಡಬ್ಬಿ ಕೊಡಲಾ ಸಾಹೇಬ್ರೇ?" ಎಂದರು ಡಬ್ಬಿ ಅಣ್ಣ.

"ದೇವರಾಣೆ ಬೇಡ."

---

ಎರಡು ಗಂಟೆಗೆ ಡ್ರೈವರಮ್ಮ ಬಂದರು. ಗಟ್ಟಿ ಕೈ, ಗಟ್ಟಿ ದನಿ. ಗುಡ್ಡದ ಮೇಲಿನ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವುದೇ ಅವರ ಇಪ್ಪತ್ತು ವರ್ಷದ ಕೆಲಸ. ಭಾವ ಹೊಸ ತಾಮ್ರದ ವಾಷರ್ ಹಾಕಿ, ಸ್ವಿಚ್ಚನ್ನು ಮೊದಲು ಬೆರಳಿನಿಂದ, ಆಮೇಲೆ ಸ್ಪ್ಯಾನರಿನಿಂದ ತಿರುಪಿದರು. ಕೂರಿಸುವ ಮೊದಲು ತೋಳಿಗೆ ಉಜ್ಜಿದರು. "ತೊಂಬತ್ತೆರಡು, ಎಂಬತ್ತೇಳು," ಎಂದು ಗಟ್ಟಿಯಾಗಿ ಓದಿದರು. ಸಾಹೇಬರು ಅದನ್ನು ನೋಡಿಯೂ ನೋಡದಂತೆ ನಿಂತಿದ್ದರು.

"ನೀವೂ ಹತ್ತಿ ಮೇಸ್ತ್ರಿ," ಎಂದರು ಡ್ರೈವರಮ್ಮ. "ಗಾಡಿ ಕುದ್ದು ನಿಂತ್ರೆ ತಳ್ಳೋಕೆ ಜನ ಬೇಕು."

"ನಾನೂ ಬರ್ತೀನಿ," ಎಂದರು ಸಾಹೇಬರು.

"ನೀವು ತಳ್ಳೋದು ಅಷ್ಟರಲ್ಲೇ ಇದೆ. ಬನ್ನಿ, ದೊಡ್ಡಮ್ಮನಿಗೆ ಧೈರ್ಯ ಹೇಳಿ."

ಏರು ಶುರುವಾಯಿತು. ಮೊದಲ ತಿರುವು, ಎರಡನೆಯದು. ಬಿಸಿಯ ಮುಳ್ಳು ನಡುವಿನ ಗೆರೆ ದಾಟಿ ಮೇಲೇರಿತು. ಮೂರು ಸಲ ಗಾಡಿ ನಿಂತ ಜಾಗ, ಬೇಲಿಯ ಪಕ್ಕದ ಹಳದಿ ಮೈಲಿಗಲ್ಲು, ಹತ್ತಿರ ಬಂತು. ಭಾವ ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ, ಮುಂದೆ ನೋಡುತ್ತಿದ್ದರು.

ಮುಳ್ಳು ಇನ್ನೊಂದು ಕೂದಲೆಳೆ ಮೇಲೇರಿತು.

ಬಾನೆಟ್ ಕೆಳಗೆ ಗುಂಯ್ ಎಂದು ಸದ್ದಾಯಿತು.

"ಎದ್ದ! ಎದ್ದ!" ಎಂದು ಡ್ರೈವರಮ್ಮ ಸ್ಟಿಯರಿಂಗ್ ಬಡಿದರು. ಹಾರ್ನು ತಾನೇ ಕೂಗಿಕೊಂಡಿತು. ದಾರಿಯಲ್ಲಿ ಮೇಯುತ್ತಿದ್ದ ಮೇಕೆಯೊಂದು ಬೇಲಿ ಹಾರಿತು. ಮೈಲಿಗಲ್ಲು ಹಿಂದೆ ಸರಿಯಿತು. ಮುಳ್ಳು ಮೆಲ್ಲನೆ ಇಳಿಯಿತು, ಫ್ಯಾನು ಮಲಗಿತು, ಮುಂದಿನ ಏರಿನಲ್ಲಿ ಮತ್ತೆ ಎದ್ದಿತು. ಸಾಹೇಬರು ಕೈ ಜೋಡಿಸಿ ಕಣ್ಣಿಗೊತ್ತಿಕೊಂಡರು. ಎಲ್ಲ ಏಳುವಿಕೆಗೂ ಮಲಗುವಿಕೆಗೂ ಅಂಕಿ ಬರೆದಿಟ್ಟವನು ಒಬ್ಬನಿದ್ದಾನೆ ಎಂಬುದು ಅವರ ಹಳೆಯ ನಂಬಿಕೆ.

ಆಸ್ಪತ್ರೆಯ ಮುಂದಿನ ಸ್ಟ್ಯಾಂಡಿನಲ್ಲಿ ಮರದ ನೆರಳಿಗೆ ಗಾಡಿ ನಿಂತಿತು. ಬಾನೆಟ್ ತೆರೆದು ನೋಡಿದರು. ಒಂದು ತೊಟ್ಟೂ ಜಿನುಗಿರಲಿಲ್ಲ. ಸಾಹೇಬರು ಹೊಡೆದ ಚುಕ್ಕೆ ಇದ್ದಲ್ಲೇ ಹೊಳೆಯುತ್ತಿತ್ತು.

"ಅವತ್ತೇ ಹೀಗೆ ಸರಿಯಾದದ್ದು ಹಾಕಬಾರದಿತ್ತಾ ಮೇಸ್ತ್ರಿ?" ಎಂದರು ಡ್ರೈವರಮ್ಮ, ಪ್ರೀತಿಯಿಂದಲೇ.

ಭಾವನ ಮುಖದ ನಗು ಆರಿತು. "ಹಾಕಬೇಕಿತ್ತಮ್ಮ," ಎಂದರು.

ಸಾಹೇಬರು ಮುಂದೆ ಬಂದರು. "ಅವತ್ತು ಇವರ ಜೊತೆ ಮಾತಾಡಿದ್ರಾ ಡ್ರೈವರಮ್ಮ?"

"ಎಲ್ಲಿ? ಅಜ್ಜಿಯೊಬ್ಬರನ್ನ ಕೈ ಹಿಡಿದು ಒಳಗೆ ಬಿಟ್ಟು ಬರ್ತಿದ್ದೆ. ದೂರದಿಂದ ನೋಡಿದ್ರೆ ಬಾನೆಟ್ ತೆಗೆದಿದೆ, ಒಳಗೆ ಬಗ್ಗಿದ್ದಾರೆ, ನೀಲಿ ಕೋಟು, ಮೊಣಕೈಲಿ ಹೂವು. ಏನ್ ಮೇಸ್ತ್ರಿ ಅಂತ ಕೂಗಿದೆ. ತಲೆ ಎತ್ತದೆ ಕೈ ಬೀಸಿದ್ರು. ಬರೋಷ್ಟರಲ್ಲಿ ಹೊರಟೇಹೋಗಿದ್ರು. ಡ್ಯಾಶ್‌ಬೋರ್ಡಿನ ಮೇಲೆ ಖಾಲಿ ಡಬ್ಬಿ. ಸ್ವಿಚ್ಚು ಬದಲಾಯಿಸಿದ್ದಾರೆ ಅಂದುಕೊಂಡೆ."

"ಯಾವ ವಾರ?"

ಬೆಳಿಗ್ಗೆಯಿಂದ ಎಲ್ಲರೂ ಏನಾಯಿತೆಂದು ಕೇಳಿದ್ದರು, ಯಾರೆಂದು ಕೇಳಿದ್ದರು. ಈ ಪುಟ್ಟ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ಡ್ರೈವರಮ್ಮ ಬೆರಳು ಮಡಿಸಿದರು. "ಆ ಅಜ್ಜಿಯನ್ನ ಕರೆತರೋದು ಬುಧವಾರ ಮಾತ್ರ. ನಿನ್ನೆ ಮೊನ್ನೆಯ ಬುಧವಾರ ಅಲ್ಲ, ಅದರ ಹಿಂದಿನದು. ಬೆಳಿಗ್ಗೆ ಹತ್ತು, ಹತ್ತೂವರೆ."

ಸಾಹೇಬರು ಭಾವನ ಕಡೆ ತಿರುಗಿದರು. ಅವರ ಮುಖ ಅರಳುತ್ತಿತ್ತು.

"ಭಾವ, ಆ ಬುಧವಾರ ಹತ್ತು ಗಂಟೆಗೆ ನೀವೆಲ್ಲಿದ್ರಿ?"

"ನೆನಪಿದ್ರೆ ಹೇಳ್ತಿರಲಿಲ್ವಾ..."

"ಆ ಕನ್ನಡಕ ತೆಗೀರಿ. ಎಲ್ಲಿಂದ ಬಂತು ಅದು?"

"ಕಣ್ಣಿನ ಡಾಕ್ಟರ..." ಭಾವನ ಮಾತು ಅರ್ಧಕ್ಕೆ ನಿಂತಿತು. ಕನ್ನಡಕ ಕೈಯಲ್ಲೇ ಉಳಿಯಿತು. "ಬುಧವಾರ. ನೀವೇ ಕರ್ಕೊಂಡು ಹೋಗಿದ್ರಿ. ಕಣ್ಣಿಗೆ ಹನಿ ಹಾಕಿ ಕೂರಿಸಿದ್ರು. ಏನೂ ಕಾಣ್ತಿರಲಿಲ್ಲ."

"ಒಂಬತ್ತರಿಂದ ಒಂದರವರೆಗೆ ಒಂದೇ ಬೆಂಚಲ್ಲಿ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೀತಿದ್ರಿ. ರಸ್ತೆ ದಾಟೋವಾಗ ನಾನೇ ಕೈ ಹಿಡಿದಿದ್ದೆ. ಗುಡ್ಡ ಹತ್ತಿ ಸ್ವಿಚ್ಚು ಬಿಚ್ಚಿದ್ದು ನೀವಲ್ಲ. ಅಂಗಡಿ ಬಾಗಿಲಲ್ಲಿ ಅಂಕಿ ಓದದೆ ತಗೊಂಡು ಹೋಗಿದ್ದೂ ನೀವಲ್ಲ. ನೀವು ಏನನ್ನೂ ಮರೆತಿಲ್ಲ ಭಾವ. ನಡೆಯದೇ ಇದ್ದದ್ದನ್ನ ಯಾರು ತಾನೇ ನೆನಪಿಟ್ಟುಕೊಳ್ತಾರೆ?"

ಭಾವ ದೊಡ್ಡಮ್ಮನ ಬಿಸಿ ಮೈಗೆ ಕೈಯೂರಿದರು. ಆಮೇಲೆ ಹೆಗಲಿನಿಂದ ಶುರುವಾದ ನಗು ಹೊಟ್ಟೆಗೆ ಇಳಿದು, ಕಣ್ಣಿನಲ್ಲಿ ನೀರಾಗಿ ಹೊರಗೆ ಬಂತು.

"ಹಾಗಾದ್ರೆ ಬೀಗದ ಕೈ ಕೊಡಬೇಕಾಗಿಲ್ಲ!"

"ಕೊಡಬೇಕಾಗಿಲ್ಲ."

"ಕೋಟು ಕಳಕೊಂಡಿದ್ದೂ ನಾನಲ್ಲ!"

"ಅಲ್ಲ. ಯಾರೋ ಕದ್ದು ಹಾಕ್ಕೊಂಡಿದ್ದಾರೆ, ತಪ್ಪು ನಿಮ್ಮ ತಲೆ ಮೇಲೆ ಬೀಳಲಿ ಅಂತ."

"ಆ ಹೂವಿನ ಕೋಟನ್ನಾ?" ಎಂದು ಭಾವ ಮತ್ತೆ ನಕ್ಕರು. ಡ್ರೈವರಮ್ಮನೂ ನಕ್ಕರು. ಭಾವ ಅವರಿಗೆ ಕಣ್ಣಿನ ಹನಿಯ ಕಥೆ ಮೊದಲಿಂದ ಹೇಳತೊಡಗಿದರು, ಒಂದು ವಿವರವನ್ನೂ ಬಿಡದೆ.

ಸಾಹೇಬರ ಮೊಬೈಲು ಬಡಿದುಕೊಂಡಿತು. ಅಕ್ಕ. ಮೂರು ಗಂಟೆ ಐದು ನಿಮಿಷ.

"ಅಕ್ಕ! ಸಿಹಿ ಹಂಚೋಕೆ ತಯಾರಾಗು..."

"ನೀನು ಸುಮ್ನಿರು, ನಂಗೆ ಕೋಪ ಬಂದಿದೆ," ಎಂದರು ಅಕ್ಕ. "ನಿನ್ನ ಭಾವನಿಗೆ ಹೇಳು, ಕೋಟು ಸಿಕ್ಕಿದ್ದು ಸಂತೋಷ, ಆದ್ರೆ ಹೆಂಡತಿ ಜೊತೆ ಒಂದು ಮಾತಾಡಿದ್ರೆ ನಾಲಿಗೆ ಸವೆಯಲ್ಲ. ನಾನು ಒಲೆ ಕಡೆ ತಿರುಗಿದ್ದೆ. ಹಿಂದಿನಿಂದ ಬಂದವರೇ ಮೊಳೆಯಿಂದ ಬೀಗದ ಕೈ ತಗೊಂಡು ಹೊರಟ್ರು. ಐದು ಗಂಟೆಗೆ ಕೊಡಬೇಕಾದ್ದಕ್ಕೆ ಈಗಲೇ ಏನವಸರ ಅಂದೆ. ತಿರುಗಿ ನೋಡಿದ್ರೆ ಕೇಳು! ಬೆನ್ನು, ಮೊಣಕೈ ಮೇಲಿನ ಹೂವು, ಅಷ್ಟೇ ಕಂಡಿದ್ದು. ಅದಿರಲಿ, ಗಾಡಿ ಇಷ್ಟು ಬೇಗ ಇಳಿ‌ದು ಬಂತಾ?"

ಸಾಹೇಬರು ಮರದ ಕಡೆ ನೋಡಿದರು. ನೆರಳಿನಲ್ಲಿ ಭಾವ, ಬರೀ ಅಂಗಿಯಲ್ಲಿ, ತೋಳು ಮಡಿಸಿ, ಎರಡು ಕಣ್ಣನ್ನೂ ಬೆರಳಿನಿಂದ ಅಗಲಿಸಿ ಡಾಕ್ಟರು ಹನಿ ಹಾಕಿದ ಬಗೆಯನ್ನು ಅಭಿನಯಿಸಿ ತೋರಿಸುತ್ತಿದ್ದರು.

"ಅಕ್ಕ," ಎಂದರು ಮೆಲ್ಲಗೆ. "ಭಾವ ಇಲ್ಲೇ, ನನ್ನ ಕಣ್ಣೆದುರಿಗೇ ಇದ್ದಾರೆ."

ಆ ಕಡೆ ಒಲೆಯ ಮೇಲೆ ಏನೋ ಉಕ್ಕಿ ಚುರ್ ಎಂದಿತು. ಮತ್ತೆ ಅಕ್ಕನ ದನಿ ಬಂದಾಗ ಅದು ಪಿಸುಗುಟ್ಟುವಷ್ಟೇ ಉಳಿದಿತ್ತು.

"ಮತ್ತೆ ಗ್ಯಾರೇಜಿನ ಬಾಗಿಲನ್ನ ಒಳಗಿನಿಂದ ಎಳ್ಕೊಂಡು ಚಿಲಕ ಹಾಕ್ತಿರೋದು ಯಾರೋ?"